ಸೈಡ್‌ವಿಂಗಿನಲ್ಲಿ ನಿಂತಿದ್ದವಳಿಗೆ

ಪುಟ್ಟಿ,

ನಿನ್ನೆ ರಾತ್ರಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಮಾತಾಡಿ ನೀನು ಫೋನಿಟ್ಟ ಮೇಲೆ ನಿದ್ದೆ ಹತ್ತಲಿಲ್ಲ. ನೀನು ಅತ್ತದ್ದಕ್ಕಲ್ಲ. ಅಳು ನಿನಗೆ ಅಮ್ಮನ ಕಡೆಯಿಂದ ಬಂದದ್ದು, ನನಗೆ ಅದು ಹೊಸದೇನಲ್ಲ. ನೀನಾಡಿದ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿತು. "ನನ್ನ ಫ್ರೇಮೆಲ್ಲ ಸ್ಟೇಜ್ ಥರಾನೇ ಆಗ್ತಿದೆ ಅಪ್ಪ. ಎಲ್ಲರನ್ನೂ ಮುಂದೆ ಮುಖ ಮಾಡಿಸಿ ಸಾಲಾಗಿ ನಿಲ್ಲಿಸ್ತೀನಿ. ನಾಟಕಾನ ತಲೆಯಿಂದ ತೆಗೆದುಹಾಕ್ದೆ ನಂಗೆ ಸಿನಿಮಾ ಬರಲ್ಲ" ಅಂದೆ. ನಾನು ಹೂಂ ಅಂದೆ. ಫೋನಿನಲ್ಲಿ ಹೂಂ ಬಿಟ್ಟು ಬೇರೇನಾದರೂ ಹೇಳಿದವನಾ ನಾನು? ಅದಕ್ಕೇ ಈ ಕಾಗದ. ಅಡಿಕೆ ಸುಲಿಯುವವರು ಈಗಷ್ಟೇ ಎದ್ದು ಹೋದರು. ಜಗಲಿಯಲ್ಲಿ ಸಿಪ್ಪೆ ರಾಶಿಯ ಪಕ್ಕ ಕೂತು ಬರೆಯುತ್ತಿದ್ದೇನೆ.

ನೀನು ನಾಟಕವನ್ನು ಮುಂದೆ ಕೂತು ನೋಡಿದ್ದು ಎಷ್ಟು ಸಲ, ನೆನಪು ಮಾಡಿಕೋ. ನನಗೆ ತಿಳಿದಂತೆ ಕೈಬೆರಳಲ್ಲಿ ಎಣಿಸುವಷ್ಟು. ಎಂಟು ವರ್ಷದವಳಿದ್ದಾಗ ನಮ್ಮ ತಂಡದ ನಾಟಕದಲ್ಲಿ ನಿನಗೊಂದು ಪಾತ್ರ ಕೊಟ್ಟಿದ್ದರು. "ಮಹಾರಾಜರು ಬರುತ್ತಿದ್ದಾರೆ" ಅನ್ನುವ ಒಂದೇ ಮಾತು. ಅದನ್ನೂ ಮರೆತು ಕಲ್ಲಿನ ಹಾಗೆ ನಿಂತೆ, ಮಹಾರಾಜರು ಹೇಳದೆ ಕೇಳದೆ ತಾವೇ ಬಂದರು. ಮರುವರ್ಷ ಯಾರೂ ನಿನಗೆ ಪಾತ್ರ ಕೊಡಲಿಲ್ಲ. ಬೆಳಕು ಏರಿಸಿ ಇಳಿಸುವ ನನ್ನ ಡಿಮ್ಮರ್ ಪೆಟ್ಟಿಗೆಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ, ಎಡಗಡೆ ವಿಂಗಿನಲ್ಲಿ, ಪರದೆಯ ಮರೆಯಲ್ಲಿ. ಆಮೇಲೆ ಹತ್ತು ಹನ್ನೆರಡು ವರ್ಷ ಅದೇ ನಿನ್ನ ಜಾಗ.

ಶಾಲೆ ಅಂಗಳದಲ್ಲಿ ಆಡಿದ ಆ ರಾತ್ರಿ ನಿನಗೆ ನೆನಪಿದೆಯೋ ಇಲ್ಲವೋ. ಮೇಲಿನಮನೆ ಮಾವ ರಾಜ. ಮಗ ಯುದ್ಧದಲ್ಲಿ ಸತ್ತ ಸುದ್ದಿ ಬಂದು ಅವನು ಕುಸಿದು ಬೀಳುವ ಸೀನು. ಮುಂದೆ ಚಾಪೆಯಲ್ಲಿ ಕೂತ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಬೆಳಕು ಇಳಿಸಿದೆ. ಮಾವ ಕತ್ತಲಲ್ಲಿ ತಡಕಾಡುತ್ತ ನಮ್ಮ ವಿಂಗಿಗೆ ಬಂದು, ಕಿರೀಟ ಕಳಚಿ ನಿನ್ನ ತೊಡೆ ಮೇಲಿಟ್ಟು, ಚೊಂಬಿನ ನೀರು ಗಟಗಟ ಕುಡಿದು, "ಗೌರಿ ಕರು ಹಾಕ್ತಾ?" ಅಂತ ಕೇಳಿದ. ಅವನ ಕೊಟ್ಟಿಗೆಯಲ್ಲಿ ದನ ಬೆಳಿಗ್ಗೆಯಿಂದ ಬೇನೆ ತಿನ್ನುತ್ತಿತ್ತು. ಇನ್ನೂ ಇಲ್ಲವಂತೆ ಅಂದೆ. ಬಣ್ಣ ಇಳಿದ ಅವನ ಕೆನ್ನೆ ಮೇಲೆ ನೀರು ಹರಿಯುತ್ತಲೇ ಇತ್ತು. ಅದು ಸತ್ತ ಮಗನಿಗೋ ಈಯದ ದನಕ್ಕೋ ನನಗೂ ತಿಳಿಯಲಿಲ್ಲ. ನೀನು ನನ್ನ ಅಂಗಿ ಜಗ್ಗಿ, "ಅಪ್ಪ, ಇದನ್ನ ಮುಂದೆ ಕೂತವರು ನೋಡ್ಲೇ ಇಲ್ವಲ್ಲ" ಅಂದೆ.

ಆ ಹೊತ್ತಿಗೆ ನಾನು ಮುಂದಿನ ಸೀನಿಗೆ ದೀಪಕ್ಕೆ ಹಾಕುವ ನೀಲಿ ಜೆಲಾಟಿನ್ ಹಾಳೆ ಹುಡುಕುತ್ತಿದ್ದೆ, ಸುಮ್ಮನಿರು ಅಂತ ಗದರಿದೆ. ಕ್ಯಾಮೆರಾ ಎಲ್ಲಿಡಬೇಕು ಅಂತ ನೀನು ಕೇಳಲು ಶುರು ಮಾಡಿದ್ದು ಅವತ್ತು. ಪುಣೆಯಲ್ಲಿ ಅಲ್ಲ.

ಹಾಗಾಗಿ ಸಾಲಾಗಿ ನಿಲ್ಲಿಸುವ ಚಾಳಿ ಬಿಡಬೇಕೆಂದರೆ ಬಿಡು. ಅದು ಮುಂದೆ ಕೂತವರ ನಾಟಕ. ನಿನ್ನದು ಬೇರೆ ಇತ್ತು.

ಇನ್ನೊಂದು ಸಂಗತಿ ಇದೆ, ಇಷ್ಟು ವರ್ಷ ನಿನಗೆ ಸರಿಯಾಗಿ ಹೇಳಿಲ್ಲ. ಎಪ್ಪತ್ತರ ದಶಕದ ಕೊನೆ, ನಾನಿನ್ನೂ ಚಡ್ಡಿ ಹಾಕುವ ಹುಡುಗ. ಹೆಗ್ಗೋಡಿನಲ್ಲಿ ಸಿನಿಮಾ ತೋರಿಸುತ್ತಾರೆ ಅಂತ ಅಣ್ಣ ಕರೆದುಕೊಂಡು ಹೋದ. ಅಲ್ಲಿಯ ನಾಟಕ ಸಂಸ್ಥೆ ನೀನಾಸಂನ ಕೆ.ವಿ. ಸುಬ್ಬಣ್ಣನವರು ಸಿನಿಮಾ ತೋರಿಸಲು ನೀನಾಸಂ ಚಿತ್ರಸಮಾಜ ಶುರು ಮಾಡಿ ಕೆಲವು ವರ್ಷ ಆಗಿತ್ತು. ರೀಲುಗಳು ಡಬ್ಬಿಯಲ್ಲಿ ಬರುತ್ತಿದ್ದವು, ಎಲ್ಲಿಂದ ಅಂದರೆ ಸಿನಿಮಾಗಳನ್ನು ಕೂಡಿಡುವ ಪುಣೆಯ ಆರ್ಕೈವಿನಿಂದ. ಅದನ್ನು ನೋಡಿಕೊಳ್ಳುತ್ತಿದ್ದ ಪಿ.ಕೆ. ನಾಯರ್ ಕಳಿಸುತ್ತಿದ್ದರು. ನೀನೀಗ ಓದುತ್ತಿರುವ ಇನ್‌ಸ್ಟಿಟ್ಯೂಟಿನಿಂದಲೇ ಸತೀಶ್ ಬಹಾದ್ದೂರ್ ಬಂದು ಅಡಿಕೆ ಬೆಳೆಗಾರರಿಗೆ, ಮೇಷ್ಟ್ರುಗಳಿಗೆ, ಕಾಲೇಜು ಹುಡುಗರಿಗೆ ಸಿನಿಮಾ ಪಾಠ ಮಾಡಿದ್ದರು. ನಿನಗೆ ಪುಣೆ ದೂರ ಅನ್ನಿಸುತ್ತದೆ. ನನಗೆ ಅದು ಸಿನಿಮಾ ಡಬ್ಬಿ ಬರುವ ಊರಾಗಿತ್ತು. ಅಲ್ಲಿಂದ ಇಲ್ಲಿಗೆ ಅಷ್ಟು ಬಂದಮೇಲೆ ಇಲ್ಲಿಂದ ಒಬ್ಬಳು ಅಲ್ಲಿಗೆ ಹೋದದ್ದರಲ್ಲಿ ದೊಡ್ಡ ಆಶ್ಚರ್ಯವೇನಿಲ್ಲ.

ಅವತ್ತು ಕಂಡದ್ದು 'ಪಥೇರ್ ಪಾಂಚಾಲಿ'. ಬಂಗಾಳಿ ಮಾತು ಒಂದಕ್ಷರ ಗೊತ್ತಾಗಲಿಲ್ಲ. ಅರ್ಧ ನಿದ್ದೆ ಮಾಡಿದೆ ಅಂತಲೂ ಒಪ್ಪಿಕೊಳ್ಳುತ್ತೇನೆ. ಆದರೆ ಕೊನೆಕೊನೆಗೆ, ಅಕ್ಕ ಸತ್ತ ಮೇಲೆ, ಅವಳು ಕದ್ದು ಬಚ್ಚಿಟ್ಟಿದ್ದ ಸರ ತಮ್ಮನ ಕೈಗೆ ಸಿಗುತ್ತದಲ್ಲ, ಅವನು ಅದನ್ನು ಕೊಳಕ್ಕೆ ಎಸೆಯುತ್ತಾನೆ. ಪಾಚಿ ಬಾಯಿ ಬಿಡುತ್ತದೆ, ಆಮೇಲೆ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ನಮ್ಮ ತೋಟದ ಕೆಳಗಿನ ಕೆರೆಯಲ್ಲಿ ನಾನೇ ಎಷ್ಟು ಸಲ ಕಲ್ಲೆಸೆದು ಪಾಚಿ ಕೂಡುವುದನ್ನು ನೋಡಿದ್ದೆ! ಆದರೂ ಮೈ ಜುಂ ಅಂತು. ಆ ಊರಿನಲ್ಲಿ ಇನ್ಯಾರೂ ಅದನ್ನು ನೋಡಲಿಲ್ಲ. ಹುಡುಗ ನೋಡಿದ, ನಾವು ನೋಡಿದೆವು.

ನಿನ್ನ ಮಾತೇ ಅಲ್ಲವಾ ಇದು?

ಅದು ಗೊತ್ತಿದ್ದೂ, ನೀನು ಮೊದಲ ಸಲ ಪ್ರವೇಶ ಪರೀಕ್ಷೆ ಬರೆದು ಇಂಟರ್‌ವ್ಯೂನಲ್ಲಿ ಹೊರಗುಳಿದಾಗ ನನಗೆ ಒಳಗೊಳಗೇ ನೆಮ್ಮದಿಯಾಗಿತ್ತು. ಇದನ್ನು ಬರೆಯಬೇಕೋ ಬೇಡವೋ ಅಂತ ಪೆನ್ನು ಎರಡು ಸಲ ಕೆಳಗಿಟ್ಟೆ. ನೀನು ನೀನಾಸಂ ಡಿಪ್ಲೊಮಾ ಮಾಡಿದ್ದೆ, ಅವರ ತಿರುಗಾಟ ನಾಟಕ ತಂಡದ ಬಸ್ಸಿನಲ್ಲಿ ಒಂದು ವರ್ಷ ಊರೂರು ಸುತ್ತಿದ್ದೆ, ಸಾಗರದಲ್ಲೇ ಶಾಲೆ ಮಕ್ಕಳಿಗೆ ನಾಟಕ ಕಲಿಸಿಕೊಂಡು ಇರುತ್ತೀಯಾ ಅಂತ ನನ್ನ ಲೆಕ್ಕ. ಆ ವರ್ಷ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿತ್ತು ಅನ್ನುವುದು ನಿಜ, ದುಡ್ಡಿರಲಿಲ್ಲ ಅನ್ನುವುದೂ ನಿಜ. ಆದರೆ ನಿನ್ನನ್ನು ಇಲ್ಲೇ ಉಳಿಸಿಕೊಳ್ಳಲು ಅದು ಕಾರಣವಲ್ಲ, ನೆಪ. ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯವರು ಹೇಳಿದ ಫೀಸಿನ ಕಾಗದ ಮಡಚಿ ನಾನು ಪಂಚಾಂಗದೊಳಗೆ ಇಟ್ಟೆ. ನೀನು ಅದನ್ನು ಮತ್ತೆ ಕೇಳಲೇ ಇಲ್ಲ. ಅಜ್ಜಿಯ ಮೆಟ್ಟುಗತ್ತಿ ಮುಂದೆ ಫೋನು ಕಟ್ಟಿ, ಬರೀ ಅವಳ ಕೈ, ಅಡಿಕೆ, ಸಿಪ್ಪೆ ಇಷ್ಟನ್ನೇ ಏಳು ನಿಮಿಷ ತೆಗೆದೆ. ಮುಖ ಎಲ್ಲಿ ಅಂತ ನಾನು ಕೇಳಿದೆ. ಕೈ ನೋಡಿದ್ರೆ ಸಾಕಲ್ಲ ಅಂದೆ. ಅಜ್ಜಿ ಹೋಗಿ ಎರಡು ಮಳೆಗಾಲ ಆಯಿತು. ಫೋಟೋದಲ್ಲಿರುವ ಮುಖಕ್ಕಿಂತ ಆ ಕೈ ನೋಡಿದರೇ ನನಗೆ ಅವಳು ಬಂದ ಹಾಗಾಗುತ್ತದೆ. ಆ ಏಳು ನಿಮಿಷ ನೋಡಿದ ಮೇಲೆ ಪಂಚಾಂಗದೊಳಗಿನ ಕಾಗದ ತೆಗೆದು ಒಲೆಗೆ ಹಾಕಿದೆ, ಮರುವರ್ಷದ ಅರ್ಜಿಗೆ ನಾನೇ ಸೈಬರ್ ಸೆಂಟರಿಗೆ ಬಂದೆ.

ನಿನಗೆ ಧೈರ್ಯ ಹೇಳುವವರೆಲ್ಲ ಗಿರೀಶ ಕಾಸರವಳ್ಳಿಯವರ ಹೆಸರೆತ್ತುತ್ತಾರೆ. ತೀರ್ಥಹಳ್ಳಿ ಕಡೆಯವರು, ಫಾರ್ಮಸಿ ಓದಿದವರು, ನಿಮ್ಮ ಇನ್‌ಸ್ಟಿಟ್ಯೂಟಿನಿಂದ 1975ರಲ್ಲಿ ಹೊರಬಂದು 1977ರ 'ಘಟಶ್ರಾದ್ಧ'ಕ್ಕೇ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ತಂದವರು. ಈಗ ಹೊಸದಾಗಿ ಚಿದಾನಂದ ನಾಯ್ಕರ ಹೆಸರು. ಡಾಕ್ಟರಿಕೆ ಓದಿ ಅಲ್ಲಿಗೆ ಹೋಗಿ, ಕೋಳಿ ಕದ್ದ ಅಜ್ಜಿಯ ಜನಪದ ಕಥೆಯನ್ನು ನಾಲ್ಕೇ ದಿನದಲ್ಲಿ ಶೂಟ್ ಮಾಡಿ, 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತಂದರು. ನಿಮ್ಮ ಚಿಕ್ಕಪ್ಪ ಆ ಸುದ್ದಿ ಪೇಪರಿನಿಂದ ಕತ್ತರಿಸಿ ನನಗೆ ತಂದುಕೊಟ್ಟು, "ಕೋಳಿ ಕಥೆ ನಮ್ಮಲ್ಲೂ ಬೇಕಾದಷ್ಟಿದೆ, ಪುಟ್ಟಿಗೆ ಹೇಳು" ಅಂದ. ಹೇಳಿದ್ದೇನೆ, ನನ್ನ ಕರ್ತವ್ಯ ಮುಗಿಯಿತು. ಬಹುಮಾನದ ಹೆಸರು ಹೇಳಿ ಧೈರ್ಯ ತುಂಬುವುದು ನನಗೆ ಒಗ್ಗುವುದಿಲ್ಲ. ಧೈರ್ಯಕ್ಕಿಂತ ಅದರಿಂದ ಹೆದರಿಕೆಯೇ ಹೆಚ್ಚು ಬರುತ್ತದೆ.

ನಾನು ನೆನೆಯುವುದು ಬೇರೆಯವರನ್ನು. 1970ರ 'ಸಂಸ್ಕಾರ'ದಲ್ಲಿ ನಟಿಸಿದ ಕಾರ್ನಾಡರು, ಲಂಕೇಶರು ಇಬ್ಬರೂ ನಾಟಕ ಬರೆದವರು. 'ಚೋಮನ ದುಡಿ' ಸಿನಿಮಾ ಮಾಡಿದ ಬಿ.ವಿ. ಕಾರಂತರ ಮೈಯೆಲ್ಲ ರಂಗಭೂಮಿ. ತಲೆಯಿಂದ ನಾಟಕ ತೆಗೆದಿಟ್ಟು ಬಂದವರ ಹಾಗೆ ಅವರು ನನಗೆ ಕಂಡಿಲ್ಲ.

ಕಳೆದ ತಿಂಗಳು ನೀನು ಫೋನಿನಲ್ಲಿ ಲೈಟಿಂಗ್ ಪಾಠ ಹೇಳಿದೆಯಲ್ಲ, ಹಾಲೋಜನ್ ಬೆಳಕಿನ ಬಣ್ಣದ ಅಳತೆ 3200 ಕೆಲ್ವಿನ್, ಹಗಲು ಬೆಳಕಿನದು 5600 ಅಂತ. ಮೂವತ್ತು ವರ್ಷ ಉರಿಸಿದ ದೀಪಕ್ಕೆ ಒಂದು ನಂಬರ್ ಇದೆ ಅಂತ ಅವತ್ತೇ ತಿಳಿದದ್ದು. ನಾನು ಶುರು ಮಾಡಿದಾಗ ನಮ್ಮಲ್ಲಿ ಉಪ್ಪುನೀರಿನ ಡಿಮ್ಮರ್ ಇತ್ತು. ಪೈಪಿನೊಳಗೆ ಉಪ್ಪುನೀರು, ಮೇಲಿನಿಂದ ದಾರಕ್ಕೆ ಕಟ್ಟಿದ ಲೋಹದ ತುಂಡು. ಅದು ಕೆಳಗಿಳಿದಷ್ಟೂ ಬೆಳಕು ಏರುತ್ತದೆ. ಉಪ್ಪು ಒಂದು ಹಿಡಿ ಜಾಸ್ತಿಯಾದರೆ ಸೂರ್ಯೋದಯ ಧಡಕ್ಕನೆ ಆಗಿಬಿಡುತ್ತಿತ್ತು. ಮೂರನೇ ಅಂಕದ ಹೊತ್ತಿಗೆ ನೀರು ಕಾದು ಹಬೆ ಏಳುತ್ತಿತ್ತು. ಹತ್ತಿರ ಬರಬೇಡ ಅಂತ ಎಲ್ಲರನ್ನೂ ಓಡಿಸುವುದೇ ನನಗೊಂದು ಕೆಲಸ. ಬೆಳಕು ಇಳಿಸುವಾಗ ಹಾಲೋಜನ್ ಕೆಂಪಗಾಗುತ್ತ ಹೋಗುತ್ತದೆ, ನೋಡಿದ್ದೀಯ. ಆ ಕೆಂಪಿನಲ್ಲಿ ಮೇಲಿನಮನೆ ಮಾವನ ಮುಖ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂತ ನನ್ನ ಹತ್ತಿರ ಲೆಕ್ಕವಿಲ್ಲ, ನೆನಪಿದೆ. ನಿನ್ನ ಹತ್ತಿರ ಈಗ ಎರಡೂ ಇವೆ. ಯಾವತ್ತಾದರೂ ಎಕ್ಸರ್‌ಸೈಜಿನಲ್ಲಿ ಒಬ್ಬರ ಮೇಲೆ ಬೆಳಕು ನಿಧಾನಕ್ಕೆ ಇಳಿಸಿ ನೋಡು. ಚೆನ್ನಾಗಿ ಬರದಿದ್ದರೆ ನನ್ನ ಹೆಸರು ಹೇಳಬೇಡ.

ಅಲ್ಲಿಯ ಮಾವಿನ ಮರದ ಫೋಟೋ ಅಮ್ಮನಿಗೆ ತೋರಿಸಿದೆ. ಅದರ ಹೆಸರು ವಿಸ್‌ಡಮ್ ಟ್ರೀ, ಬಂಗಾಳಿ ನಿರ್ದೇಶಕ ಋತ್ವಿಕ್ ಘಟಕ್ ಅದರ ಬುಡದಲ್ಲಿ ಕೂತು ಪಾಠ ಹೇಳುತ್ತಿದ್ದರಂತೆ ಅಂತೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಮಿಡಿ ಬಿಡುತ್ತಾ?" ಅಂದಳು. ಕೇಳಿ ಹೇಳು. ಉಪ್ಪಿನಕಾಯಿ ಹೇಗೂ ಕಳಿಸುತ್ತಾಳೆ, ಅಪ್ಪೆಮಿಡಿಯದು, ಎರಡು ಬಾಟಲಿ. ಹಾಸ್ಟೆಲಿನವರಿಗೆಲ್ಲ ಒಂದೇ ದಿನ ಹಂಚಿ ಮುಗಿಸಬೇಡ.

ಅಡಿಕೆ ಸುಲಿತದ ಶಬ್ದ ಬೇಕು ಅಂದಿದ್ದೆಯಲ್ಲ, ವಾಟ್ಸಾಪಿನಲ್ಲಿ ಹಾಕಿದ್ದೇನೆ. ಮೂರು ಸಲ ಮಾಡಿದೆ. ಒಂದರಲ್ಲಿ ಟಾಮಿ ಬೊಗಳಿದೆ, ಇನ್ನೊಂದರಲ್ಲಿ ಕೆಳಗಿನಕೇರಿ ಅಕ್ಕ ಸೊಸೆಯ ಸುದ್ದಿ ಎತ್ತಿದ್ದಾಳೆ, ಅದನ್ನು ಕೇಳಿ ಅಳಿಸಿಬಿಡು. ಮೂರನೆಯದು ಸರಿಯಿದೆ, ಕತ್ತಿಗೆ ಅಡಿಕೆ ಕೊಟ್ಟಾಗಿನ ಟಕ್ಕೂ ಸಿಪ್ಪೆ ಬಿಟ್ಟಾಗಿನ ಚರ್ರೂ ಬೇರೆಬೇರೆ ಕೇಳುತ್ತದೆ.

ಆಮೇಲೆ ಯಾರೂ ಮಾತಾಡದ, ಏನೂ ಮಾಡದ ಜಗಲಿಯ ಮೌನ ಒಂದು ನಿಮಿಷ ಬೇಕು, ಉಳಿದ ಶಬ್ದಗಳ ಕೆಳಗೆ ಹಾಸಲು ಅಂದಿದ್ದೆ. ಮೊದಲು ನಗು ಬಂತು. ಮೌನ ಪುಣೆಯಲ್ಲಿ ಸಿಗುವುದಿಲ್ಲವಾ ಅಂತ. ಫೋನು ಮೆಟ್ಟುಗತ್ತಿಯ ಪಕ್ಕ ಇಟ್ಟು ಉಸಿರು ಬಿಗಿಹಿಡಿದು ಕೂತ ಮೇಲೆ ಗೊತ್ತಾಯಿತು, ನಮ್ಮ ಜಗಲಿಯ ಮೌನದಲ್ಲಿ ಜೀರುಂಡೆ ಇದೆ, ಅಬ್ಬಿ ನೀರು ತೊಟ್ಟಿಗೆ ಬೀಳುವುದಿದೆ, ಒಳಗೆ ಫ್ರಿಜ್ಜಿನ ಗುಂಯ್ ಇದೆ. ಫ್ರಿಜ್ ಆರಿಸಿ ಮತ್ತೆ ಕೂತೆ. ಐವತ್ತನೇ ಸೆಕೆಂಡಿಗೆ ಅಮ್ಮ ಬಾಗಿಲಿಗೆ ಬಂದು, "ಕತ್ತಲಲ್ಲಿ ಒಬ್ಬರೇ ಕೂತು ಏನು ಮಾಡ್ತಿದ್ರಿ?" ಅಂದಳು. ಅದೂ ಅದರಲ್ಲಿದೆ. ಐವತ್ತು ಸೆಕೆಂಡು ಸಾಲದಿದ್ದರೆ ಹೇಳು, ಇನ್ನೊಂದು ಟೇಕ್ ಕೊಡುತ್ತೇನೆ. ಆದರೆ ಅವಳು ಮಲಗಿದ ಮೇಲೆ, ಹನ್ನೊಂದು ಗಂಟೆಯ ನಂತರ. ಫ್ರಿಜ್ಜಿನಲ್ಲಿ ಹಾಲಿರುತ್ತದೆ, ಜಾಸ್ತಿ ಹೊತ್ತು ಆರಿಸಲು ಆಗುವುದಿಲ್ಲ.

ಅಪ್ಪ