ಗರ್ಭಪಾತ ಮಾಡುವ ವೈದ್ಯರನ್ನೆಲ್ಲ ದಂಧೆಕೋರರು ಅನ್ನಬೇಡಿ

ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು, ಗರ್ಭಪಾತ ಮಾಡುವ ಡಾಕ್ಟರ್‌ಗಳೆಲ್ಲ ದುಡ್ಡಿಗೆ ಬಿದ್ದವರು, ಅವರ ಲೈಸೆನ್ಸ್ ಕಿತ್ಕೊಳ್ಳಿ ಎಂದು ಬರೆದಿದ್ದರು. ಎರಡು ದಿನ ಬಿಟ್ಟು ಇನ್ನೊಬ್ಬರು, ಇದು ಬೇಡ ಅನ್ನುವವರೆಲ್ಲ ಗೊಡ್ಡು ಜನ ಎಂದು ಬರೆದರು. ಎರಡೂ ನನಗೆ ಹಿಡಿಸಲಿಲ್ಲ. ನಾನು ಮಹಾಲಕ್ಷ್ಮಿ ಲೇಔಟ್‌ನಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡವನು. ಡಾಕ್ಟರೂ ಅಲ್ಲ, ವಕೀಲನೂ ಅಲ್ಲ. ಆದರೆ ಈ ವಿಷಯ ಸುತ್ತಿ ಬಳಸಿ ನನ್ನ ಕೌಂಟರ್‌ಗೂ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲೇ ಇದರ ಬಗ್ಗೆ ಒಂದು ಮಾತಿಲ್ಲ. ಅಮ್ಮನಿಗೆ ಬಸಿರು ತೆಗೆಸೋದು ಪಾಪ, ಅಲ್ಲಿಗೆ ಮುಗೀತು. ನನ್ನ ಹೆಂಡತಿ 'ಹೆರೋಳು ಅವಳು, ಸಾಕೋಳು ಅವಳು, ಊರಿನವರದ್ದೇನ್ರೀ' ಅನ್ನುತ್ತಾಳೆ. ನನ್ನದು ಇಬ್ಬರ ನಡುವೆ ಎಲ್ಲೋ ಇದೆ. ಮೊದಮೊದಲ ವಾರಗಳಲ್ಲಿ ಅದು ಅವಳಿಗೆ ಬಿಟ್ಟಿದ್ದು. ಐದಾರು ತಿಂಗಳಾದ ಮೇಲೆ ಅಂದರೆ ನನಗೂ ಮನಸ್ಸು ಒಪ್ಪುವುದಿಲ್ಲ, ಆದರೆ ಒಪ್ಪದಿರುವುದು ನನ್ನ ಮನಸ್ಸು ತಾನೇ, ಅವಳದ್ದಲ್ಲವಲ್ಲ.

ದೊಡ್ಡವರಿಗೇ ಇದು ಬಗೆಹರಿದಿಲ್ಲ. 2023ರ ಅಕ್ಟೋಬರ್‌ನಲ್ಲಿ ಎರಡು ಮಕ್ಕಳ ತಾಯಿಯೊಬ್ಬರು 26 ವಾರಗಳ ಗರ್ಭ ತೆಗೆಸಲು ಸುಪ್ರೀಂ ಕೋರ್ಟ್‌ಗೆ ಹೋಗಿದ್ದು ನೆನಪಿರಬಹುದು. ಮೊದಲು ಒಪ್ಪಿಗೆ ಸಿಕ್ಕಿತು. ಆಮೇಲೆ ದೆಹಲಿಯ ಏಮ್ಸ್ ಆಸ್ಪತ್ರೆಯ ವೈದ್ಯರೊಬ್ಬರು, ಮಗು ಬದುಕುವ ಸಾಧ್ಯತೆ ಇದೆ, ಏನು ಮಾಡೋದು ಹೇಳಿ ಎಂದು ಕೇಳಿ ಬರೆದರು. ಕೇಸು ಮತ್ತೆ ಬಂದಾಗ ಪೀಠದಲ್ಲಿದ್ದ ಇಬ್ಬರೂ ಮಹಿಳಾ ನ್ಯಾಯಮೂರ್ತಿಗಳೇ. ಹಿಮಾ ಕೊಹ್ಲಿ ಅವರು ನನ್ನ ಅಂತಃಸಾಕ್ಷಿ ಒಪ್ಪಲ್ಲ ಅಂದರು. ನಮ್ಮ ಕರ್ನಾಟಕದವರೇ ಆದ ಬಿ.ವಿ. ನಾಗರತ್ನ ಅವರು ಆ ತಾಯಿಯ ತೀರ್ಮಾನಕ್ಕೆ ಬೆಲೆ ಕೊಡಬೇಕು ಅಂದರು. ಕೊನೆಗೆ ಮೂವರ ಪೀಠ ಅನುಮತಿ ಇಲ್ಲ ಎಂದಿತು. ಅಂಥ ಇಬ್ಬರಿಗೇ ಒಮ್ಮತ ಆಗದಿದ್ದನ್ನು ನಾವು ಒಂದು ಪತ್ರದಲ್ಲಿ ಇತ್ಯರ್ಥ ಮಾಡೋಕಾಗುತ್ತಾ?

ಹಾಗಾಗಿ ಸರಿಯೋ ತಪ್ಪೋ ಅನ್ನುವ ಜಗಳ ನನ್ನದಲ್ಲ. ನನ್ನ ಜಗಳ ತಡ ಮಾಡುವವರ ಮೇಲೆ.

ನಮ್ಮ ಏರಿಯಾದಲ್ಲಿ ಇಬ್ಬರು ಹೆರಿಗೆ ಡಾಕ್ಟರ್‌ಗಳಿದ್ದಾರೆ. ಒಬ್ಬರು ಗರ್ಭಪಾತ ಮಾಡುವುದಿಲ್ಲ, ಅವರ ನಂಬಿಕೆ ಅದು. ಆದರೆ ಅದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳುತ್ತಾರೆ. 'ನನ್ನ ಕೈಲಿ ಆಗಲ್ಲಮ್ಮ, ಇಲ್ಲಿಗೆ ಹೋಗು, ಇವತ್ತೇ ಹೋಗು' ಎಂದು ಚೀಟಿ ಬರೆದು ಕೊಡುತ್ತಾರೆ. ಆ ಚೀಟಿ ಹೋಗುವುದು ಇನ್ನೊಬ್ಬ ಡಾಕ್ಟರ್ ಹತ್ತಿರ. ಅವರು ಮಾಡುತ್ತಾರೆ. ಪಾರ್ಕಿನಲ್ಲಿ ವಾಕಿಂಗ್ ಮಾಡುವ ಗಂಡಸರು ಅವರ ಬಗ್ಗೆ ಏನೇನು ಆಡಿಕೊಳ್ಳುತ್ತಾರೆ ಅನ್ನುವುದನ್ನು ಇಲ್ಲಿ ಬರೆಯಲಾರೆ (ಅದೇ ಗಂಡಸರಲ್ಲಿ ಒಬ್ಬರು ಮಗಳನ್ನು ಕರೆದುಕೊಂಡು ಅಲ್ಲಿಗೇ ಹೋಗಿದ್ದರು, ಅದು ಬೇರೆ ಮಾತು). ನನಗೆ ಈ ಇಬ್ಬರ ಮೇಲೂ ಗೌರವ ಇದೆ.

ಗೌರವ ಇಲ್ಲದಿರುವುದು ಮೂರನೇ ಥರದವರ ಮೇಲೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ನಮ್ಮ ಅಂಗಡಿಗೆ ಬರುತ್ತಾರೆ. ಎರಡು ಮಕ್ಕಳಿವೆ, ಗಂಡ ಯಾದಗಿರಿ ಕಡೆ ಇದ್ದಾರೆ. ಒಂದು ನರ್ಸಿಂಗ್ ಹೋಮ್‌ಗೆ ಹೋದರೆ ಗಂಡನ ಸಹಿ ತನ್ನಿ ಅಂದರಂತೆ. ಸಹಿಗೆ ಅಂತ ಊರಿಗೆ ಹೋಗಿ ಬಂದರೆ ಸ್ಕ್ಯಾನಿಂಗ್ ಮಾಡುವವರು ರಜೆ. ಆಮೇಲೆ ರಕ್ತ ಕಡಿಮೆ ಇದೆ, ಮುಂದಿನ ವಾರ ನೋಡೋಣ. ಆಮೇಲೆ, ಈಗ ಮಾತ್ರೆಯಲ್ಲಿ ಆಗಲ್ಲ, ಅಡ್ಮಿಟ್ ಆಗಬೇಕು, ಇಷ್ಟು ಖರ್ಚಾಗುತ್ತೆ. ಅವರ ಕೈಚೀಲದಲ್ಲಿ ಆ ಎಲ್ಲ ಚೀಟಿಗಳೂ ಇದ್ದವು. ಒಂದರ ಹಿಂದೆ ಮಗನ ಸ್ಕೂಲ್ ಫೀಸಿನ ಲೆಕ್ಕ ಬರೆದಿದ್ದರು. ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಆಯಿತು ಅನ್ನಿ. ಆದರೆ ಅಷ್ಟೂ ದಿನ ಆಗಲ್ಲ ಅಂತ ಯಾರೂ ಹೇಳಿರಲಿಲ್ಲ. ಬರೀ ಅಲೆಸಿದರು.

ಗಂಡನ ಸಹಿ ಅನ್ನುವುದು ಕಾನೂನಿನಲ್ಲಿ ಇಲ್ಲವೇ ಇಲ್ಲ. 18 ವರ್ಷ ತುಂಬಿದ ಹೆಂಗಸಿನ ಒಪ್ಪಿಗೆ ಒಂದೇ ಸಾಕು ಎಂದು ಗರ್ಭಪಾತಕ್ಕೆಂದೇ ಇರುವ 1971ರ ಎಂಟಿಪಿ ಕಾಯ್ದೆಯೇ ಹೇಳುತ್ತದೆ. 2021ರ ತಿದ್ದುಪಡಿ ಬಂದ ಮೇಲೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತ ಹುಡುಗಿಯರು, ಬಸಿರಿದ್ದಾಗ ಗಂಡನನ್ನು ಕಳೆದುಕೊಂಡವರು, ಇಂಥ ಕೆಲವರಿಗೆ ಇಬ್ಬರು ವೈದ್ಯರು ಒಪ್ಪಿದರೆ 24 ವಾರದವರೆಗೂ ಆಗುತ್ತದೆ. ಮದುವೆ ಆಗದವರಿಗೂ ಇದೇ ಕಾನೂನು ಎಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗರ್ಭಪಾತ ಮಾಡಿಸಿಕೊಂಡವರ ಹೆಸರನ್ನು ಡಾಕ್ಟರ್ ಬಯಲು ಮಾಡಿದರೆ ಒಂದು ವರ್ಷದವರೆಗೆ ಜೈಲು ಆಗಬಹುದು.

ಆದರೂ ಒಂದು ತೊಡಕಿದೆ. ಕೇಳಿದ ಕೂಡಲೇ ಸಿಗುವ ಹಕ್ಕು ಅಂತ ನಮ್ಮ ಕಾನೂನು ಇದನ್ನು ಬರೆದಿಲ್ಲ. ಗರ್ಭಪಾತ ಅಪರಾಧ, ಆದರೆ ನಿಯಮದ ಪ್ರಕಾರ ಮಾಡಿದ ವೈದ್ಯರಿಗೆ ವಿನಾಯಿತಿ, ಹೀಗೆ ಬರೆದಿದೆ. ಅಂದರೆ ಎಲ್ಲ ಭಾರ ಡಾಕ್ಟರ್ ತಲೆ ಮೇಲೆ. ವಾರಕ್ಕೆ ವಾರ ಲೆಕ್ಕ ಹಾಕುವ ಕಾನೂನಿನಲ್ಲಿ ಡಾಕ್ಟರ್ ಸುಮ್ನೆ ಕೂತರೂ ಅದು ಒಂದು ತೀರ್ಮಾನವೇ. ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ಸತ್ತಿದ್ದು ಹೀಗೇ ಅಲ್ವಾ? 2012ರಲ್ಲಿ, ಐರ್ಲೆಂಡಿನ ಗಾಲ್ವೇಯಲ್ಲಿ. 17 ವಾರಕ್ಕೆ ಗರ್ಭ ಉಳಿಯಲ್ಲ ಅಂತ ಗೊತ್ತಾಗಿತ್ತು. ತೆಗೆದುಬಿಡಿ ಅಂತ ಕೇಳಿಕೊಂಡರು. ಭ್ರೂಣದ ಎದೆಬಡಿತ ನಿಲ್ಲಲಿ ಅಂತ ಕಾದರು. ಸೋಂಕು ರಕ್ತಕ್ಕೆ ಏರಿ ಅಕ್ಟೋಬರ್ 28ಕ್ಕೆ ಜೀವ ಹೋಯಿತು. ಅವರು ದಂತವೈದ್ಯೆ, 31 ವರ್ಷ. 2018ರಲ್ಲಿ ಆ ದೇಶ ಜನಮತ ತೆಗೆದುಕೊಂಡು ಸಂವಿಧಾನವನ್ನೇ ಬದಲಿಸಿತು.

ಈಗ ನಿಮ್ಮ ಪತ್ರಿಕೆ ವಿಷಯಕ್ಕೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 2023ರ ಕೊನೆಗೆ ಬೈಯಪ್ಪನಹಳ್ಳಿ ಪೊಲೀಸರು ಒಂದು ಜಾಲ ಹಿಡಿದರು. ಮಂಡ್ಯದ ಹತ್ತಿರ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಹೆಣ್ಣೋ ಗಂಡೋ ನೋಡಿ, ಹೆಣ್ಣಾದರೆ ತೆಗೆಸುತ್ತಿದ್ದರು ಎಂಬ ಕೇಸು. ಬೆಲ್ಲ ಕಾಯಿಸುವ ಜಾಗದಲ್ಲಿ! ಅಂಥವರಿಗೆ ಎಷ್ಟು ಶಿಕ್ಷೆ ಕೊಟ್ಟರೂ ಕಡಿಮೆಯೇ. ಲಿಂಗ ಪತ್ತೆ 1994ರ ಕಾಯ್ದೆಯಲ್ಲೇ ಅಪರಾಧ. ಆದರೆ ನೀವು ಹೆಡ್ಡಿಂಗ್ ಹಾಕುವಾಗ 'ಗರ್ಭಪಾತ ದಂಧೆ' ಅಂತ ಹಾಕುತ್ತೀರಿ. ಓದಿದವರಿಗೆ ಆಲೆಮನೆಯವನೂ ನಮ್ಮ ಏರಿಯಾದ ಡಾಕ್ಟರೂ ಒಂದೇ ಆಗಿಬಿಡುತ್ತಾರೆ.

ಅದರ ಪರಿಣಾಮ ನನ್ನ ಕೌಂಟರ್‌ನಲ್ಲಿ ಕಾಣುತ್ತದೆ. ಗರ್ಭಪಾತಕ್ಕೆ ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ಎಂಬ ಎರಡು ಮಾತ್ರೆ ಸೇರಿದ ಕಿಟ್ ಬರುತ್ತದೆ, ಒಂದು ಮಾತ್ರೆ ಮೊದಲು, ನಾಲ್ಕು ಆಮೇಲೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಲೂಬಾರದು. ಬಸಿರು ಗರ್ಭನಾಳದಲ್ಲಿ ನಿಂತಿದ್ದರೆ ಈ ಮಾತ್ರೆ ಕೆಲಸ ಮಾಡಲ್ಲ, ನಾಳ ಒಡೆದರೆ ಪ್ರಾಣಕ್ಕೇ ಕುತ್ತು, ಅದಕ್ಕೇ ಮೊದಲು ತಪಾಸಣೆ ಆಗಬೇಕು. ಬೈಕ್ ಆಫ್ ಮಾಡದೆಯೇ 'ಅಣ್ಣ, ಆ ಮಾತ್ರೆ ಕೊಡಿ, ಚೀಟಿ ಆಮೇಲೆ ತರ್ತೀನಿ' ಅನ್ನುವ ಹುಡುಗರನ್ನು ಹಾಗೇ ವಾಪಸ್ ಕಳಿಸುತ್ತೇನೆ. ಆದರೆ ಚೀಟಿ ತಂದವರಿಗೂ ಕಿಟ್ ಸಿಗುತ್ತಿಲ್ಲ. ನನಗೆ ಗೊತ್ತಿರುವ ಎಷ್ಟೋ ಅಂಗಡಿಯವರು ಸ್ಟಾಕ್ ಇಡುವುದನ್ನೇ ಬಿಟ್ಟಿದ್ದಾರೆ. ಕೇಳಿದರೆ, ಯಾಕ್ ಬೇಕು ಸಾರ್ ಸುಮ್ನೆ, ರೇಡ್ ಆದರೆ ಭ್ರೂಣಹತ್ಯೆ ಕೇಸಲ್ಲಿ ಹೆಸರು ಬರುತ್ತೆ ಅಂತಾರೆ.

ಸ್ವಲ್ಪ ಯೋಚನೆ ಮಾಡಿ. ಈ ಮಾತ್ರೆ ಒಂಬತ್ತು ವಾರದವರೆಗೆ ಕೊಡುವಂಥದ್ದು. ಆ ಹೊತ್ತಿಗೆ ಯಾವ ಸ್ಕ್ಯಾನಿಂಗ್‌ನಲ್ಲೂ ಹೆಣ್ಣೋ ಗಂಡೋ ನಂಬುವ ಹಾಗೆ ಕಾಣುವುದಿಲ್ಲ. ಹಾಗಿದ್ದಮೇಲೆ ಇದನ್ನು ಅಂಗಡಿಯಿಂದ ಓಡಿಸಿ ಆಲೆಮನೆಯವರನ್ನು ಹೇಗೆ ಹಿಡಿಯುತ್ತೀರಿ? ಆಗುವುದು ಇಷ್ಟೇ: ಏಳನೇ ವಾರದಲ್ಲಿ ಮಾತ್ರೆಯಲ್ಲಿ ಮುಗಿಯಬೇಕಾದ್ದು ಹನ್ನೆರಡನೇ ವಾರಕ್ಕೆ ಆಸ್ಪತ್ರೆ ಬೆಡ್‌ಗೆ ಹೋಗುತ್ತದೆ, ಇಲ್ಲ ಕಳ್ಳದಾರಿಯಲ್ಲಿ ಎರಡು ಪಟ್ಟು ರೇಟಿಗೆ ಸಿಗುತ್ತದೆ.

ನನ್ನ ಕೋರಿಕೆ ದೊಡ್ಡದೇನಲ್ಲ. ಚೀಟಿ ಇದ್ದರೆ ಈ ಕಿಟ್ ಮಾರಬಹುದು, ಬಿಲ್ಲು ಸರಿ ಇದ್ದರೆ ತೊಂದರೆ ಇಲ್ಲ ಎಂದು ಔಷಧ ನಿಯಂತ್ರಣ ಇಲಾಖೆಯವರು ಅಂಗಡಿಗಳಿಗೆ ಒಂದು ಸುತ್ತೋಲೆ ಕಳಿಸಲಿ. ಗರ್ಭಪಾತಕ್ಕೆ ಮಾನ್ಯತೆ ಇರುವ ಆಸ್ಪತ್ರೆಗಳು 'ಗಂಡನ ಸಹಿ ಬೇಕಾಗಿಲ್ಲ' ಅಂತ ಕನ್ನಡದಲ್ಲಿ ಬೋರ್ಡ್ ಹಾಕಲಿ. ಮಾಡದ ಡಾಕ್ಟರ್‌ಗಳು ಮಾಡಲ್ಲ ಅಂತ ಮೊದಲ ದಿನವೇ ಹೇಳಲಿ. ನೀವೂ ಹೆಡ್ಡಿಂಗ್‌ನಲ್ಲಿ 'ಹೆಣ್ಣು ಭ್ರೂಣಹತ್ಯೆ ಜಾಲ' ಅಂತಲೇ ಹಾಕಿ, ಒಂದು ಪದ ಜಾಸ್ತಿ ಆದರೂ ಜಾಗ ಮಾಡಿಕೊಡಿ.

— ಒಬ್ಬ ಮೆಡಿಕಲ್ ಸ್ಟೋರ್ ಮಾಲೀಕ, ಮಹಾಲಕ್ಷ್ಮಿ ಲೇಔಟ್, ಬೆಂಗಳೂರು