ಉಂಬಳ ಬಿಡಿಸಿದ ಡ್ರೈವರ್ ಅಣ್ಣನಿಗೆ

ಶಿರಸಿಯಿಂದ ಒಂದು ದಿನಕ್ಕೆ ಕಾರು ಮಾಡಿಕೊಂಡು ಅಮ್ಮನನ್ನು ಸುತ್ತಾಡಿಸಲು ಹೊರಟಿದ್ದೆ. ಬೆಳಿಗ್ಗೆ ಬನವಾಸಿ. ಮಧುಕೇಶ್ವರನ ಎದುರಿನ ನಂದಿಯ ಒಂದು ಕಣ್ಣು ಶಿವನ ಕಡೆ, ಇನ್ನೊಂದು ಪಾರ್ವತಿಯ ಕಡೆ ಅಂತ ತೋರಿಸಿದ್ದೂ ಡ್ರೈವರ್ ಅಣ್ಣನೇ. ಆಮೇಲೆ ಯಾಣ.

ಮಳೆ ಪೂರ್ತಿ ಬಿಟ್ಟಿರಲಿಲ್ಲ. 120 ಮೀಟರ್ ಎತ್ತರದ ಕಪ್ಪು ಬಂಡೆ ನೋಡಿ ಇಳಿಯುವಾಗ ಅಮ್ಮ ತನ್ನ ಕಾಲು ನೋಡಿಕೊಂಡು ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಪಾದವೆಲ್ಲ ರಕ್ತ. ನಾವು ಬಯಲುಸೀಮೆಯವರು, ಉಂಬಳ (ರಕ್ತ ಹೀರುವ ಜಿಗಣೆ) ಕಂಡವರಲ್ಲ. ನಾನು ಕೈ ಹಾಕಿ ಎಳೆಯಲು ಹೋದೆ.

"ತಡೀರಿ ತಂಗಿ, ಎಳೀಬೇಡಿ!"

ಕಾರಿನ ಹತ್ತಿರ ಇರಬೇಕಾದವರು ಅಮ್ಮನ ಮಂಡಿನೋವು ಗಮನಿಸಿ ಸುಮ್ನೆ ಹಿಂದೆ ಬಂದಿದ್ದರಂತೆ. ಜೇಬಿನಿಂದ ಕವಳದ (ಎಲೆಅಡಿಕೆಯ) ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಯಲ್ಲಿ ಚೂರು ಚೂರು ಮುಟ್ಟಿಸಿದರು. ಒಂದೊಂದೇ ಉದುರಿದವು. ಬಾಟಲಿ ನೀರಲ್ಲಿ ಕಾಲು ತೊಳೆದರು. "ನಿಮಗೆ ನಾಲ್ಕೇ ಅಮ್ಮಾ, ನಂಗೆ ಏಳು" ಅಂತ ತಮ್ಮ ಪ್ಯಾಂಟು ಮಡಚಿ ತೋರಿಸಿದರು. ಅಮ್ಮ ನಕ್ಕಳು. ನನಗೆ ಆಗ ಉಸಿರು ಬಂತು.

ವಾಪಸ್ ಬರುವಾಗ ಪರಿಚಯದವರ ಮನೆ ಜಗಲಿಯಲ್ಲಿ ಕೂರಿಸಿದರು. ಒಳಗೆ ತೊಡೆದೇವು ಮಾಡುತ್ತಿದ್ದರು. ಬೋರಲು ಮಡಕೆಯ ಮೇಲೆ ಕಬ್ಬಿನಹಾಲಿನ ಹಿಟ್ಟನ್ನು ಬಟ್ಟೆಯಲ್ಲಿ ಸವರಿ, ಕಾಗದದಂತೆ ಎಬ್ಬಿಸುವುದು. ತುಪ್ಪ ಹಾಕಿದ್ದನ್ನು ಅಮ್ಮ ಮೂರು ತಿಂದಳು, ಶುಗರ್ ಇದೆ ಅನ್ನೋದೂ ಮರೆತು!

ಜಾಸ್ತಿ ದುಡ್ಡು ಕೊಟ್ಟರೆ ಮುಟ್ಟಲಿಲ್ಲ. ಗಡಿಬಿಡಿಯಲ್ಲಿ ಹೆಸರೂ ಕೇಳಲಿಲ್ಲ. ಅಣ್ಣಾ, ತುಂಬಾ ಥ್ಯಾಂಕ್ಸ್. ನಿಮ್ಮ ಸುಣ್ಣದ ಡಬ್ಬಿ ಅಮ್ಮನ ಬ್ಯಾಗಿನಲ್ಲೇ ಉಳಿದಿದೆ.