ಅಲರ್ಜಿ ಇದ್ದವರಿಗೆ ಬೇರೆ ಕಾಯಿಲೆ ಬರಬಾರದೇ?

ಮಾನ್ಯ ಸಂಪಾದಕರೇ,

ಅಲರ್ಜಿ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಒಂದು ಮಾತು ಸೇರಿಸಬೇಕು. ಅಲರ್ಜಿ ಇರುವವರಿಗೆ ಹೊಸದೇನು ಬಂದರೂ ಅದನ್ನೂ ಅಲರ್ಜಿ ಲೆಕ್ಕಕ್ಕೇ ಹಾಕಿಬಿಡುತ್ತಾರೆ.

ನನ್ನ ಅಕ್ಕನಿಗೆ ಚಿಕ್ಕಂದಿನಿಂದ ದೂಳು ಆಗದು. ಐವತ್ತು ದಾಟಿದ ಮೇಲೆ ಮೈಮೇಲೆ ಗಂಧೆ ಏಳತೊಡಗಿತು. ರಕ್ತದಲ್ಲಿ ಐಜಿಇ (ಅಲರ್ಜಿಯಲ್ಲಿ ಏರುವ ಪ್ರತಿಕಾಯ) ಜಾಸ್ತಿ ಇತ್ತು. ದೂಳಿನ ಅಲರ್ಜಿ ಇದ್ದವರಿಗೆ ಅದು ಇರುವುದೇ ಅಲ್ವಾ? ಆದರೂ ಎಲ್ಲರಿಗೂ ಅಷ್ಟೇ ಸಾಕಾಯಿತು. ಅಲರ್ಜಿ ಮಾತ್ರೆ ಸೆಟಿರಿಜಿನ್ ಕೊಟ್ಟರು, ಡೋಸ್ ಏರಿಸಿದರು, ಮಾತ್ರೆ ಬದಲಿಸಿದರು. ತಿನ್ನುವುದರಲ್ಲಿ ಒಂದೊಂದನ್ನೇ ಬಿಡಿಸಿದರು. ಗಂಧೆ ಮಾತ್ರ ಜಗ್ಗಲಿಲ್ಲ.

ಅದು ತುರಿಸುವುದಕ್ಕಿಂತ ಉರಿಯುವುದೇ ಹೆಚ್ಚು. ಜೊತೆಗೆ ಬಂದು ಹೋಗುವ ಜ್ವರ, ಮೊಣಕಾಲ ಕೆಳಗೆ ಮೂಳೆ ನೋವು. ಚರ್ಮಕ್ಕೆ ಒಬ್ಬ ಡಾಕ್ಟರು, ಜ್ವರಕ್ಕೆ ಇನ್ನೊಬ್ಬರು, ಮೂಳೆಗೆ ಮತ್ತೊಬ್ಬರು. ಮೂರನ್ನೂ ಸೇರಿಸಿ ನೋಡಿದವರು ಎಷ್ಟೋ ವರ್ಷಗಳ ಮೇಲೆ ಸಿಕ್ಕ ರುಮಟಾಲಜಿಸ್ಟ್, ಅಂದರೆ ಕೀಲು ಮತ್ತು ಉರಿಯೂತದ ಕಾಯಿಲೆಗಳ ಡಾಕ್ಟರು. ಹಳೆಯ ಫೈಲ್ ಪಕ್ಕಕ್ಕಿಟ್ಟು, ಮೊದಲಿಂದ ಹೇಳಿ ಎಂದರು. ಮೈಯೊಳಗಿನ ಉರಿಯೂತ ತೋರಿಸುವ ಸಿಆರ್‌ಪಿ ತುಂಬಾ ಏರಿತ್ತು. ರಕ್ತದ ಪ್ರೋಟೀನ್‌ಗಳನ್ನು ಬೇರ್ಪಡಿಸಿ ನೋಡುವ ಎಲೆಕ್ಟ್ರೋಫೊರೆಸಿಸ್ ಮತ್ತು ಅದರ ಮುಂದಿನ ಪರೀಕ್ಷೆಯಲ್ಲಿ ಒಂದೇ ಅಚ್ಚಿನ ಐಜಿಎಂ ಎಂಬ ಪ್ರತಿಕಾಯ ಕಂಡಿತು. ಚರ್ಮದ ಬಯಾಪ್ಸಿಯೂ ಅದಕ್ಕೆ ಹೊಂದಿತು. ಕಾಯಿಲೆ ಷ್ನಿಟ್ಸ್‌ಲರ್ ಸಿಂಡ್ರೋಮ್. ಫ್ರಾನ್ಸ್‌ನ ಚರ್ಮವೈದ್ಯೆ ಲಿಲಿಯಾನ್ ಷ್ನಿಟ್ಸ್‌ಲರ್ 1972ರಲ್ಲೇ ಇದನ್ನು ವಿವರಿಸಿದ್ದರು.

ಸಾಮಾನ್ಯ ಗಂಧೆಯಲ್ಲಿ ಮುಖ್ಯ ಕೈವಾಡ ಮೈಯೊಳಗಿನ ಹಿಸ್ಟಮಿನ್ ಎಂಬ ಪದಾರ್ಥದ್ದು. ಇಲ್ಲಿ ಉರಿಯೂತ ಎಬ್ಬಿಸುವ ಇಂಟರ್‌ಲ್ಯೂಕಿನ್-1 ಎಂಬ ಬೇರೆ ಪದಾರ್ಥದ್ದು. ಹಿಸ್ಟಮಿನ್ ತಡೆಯುವ ಮಾತ್ರೆ ಎಷ್ಟು ನುಂಗಿದರೇನು!

ಇದನ್ನು ಓದಿ ಗಂಧೆ ಇರುವವರೆಲ್ಲ ಸುಮ್ನೆ ಗಾಬರಿಯಾಗಬೇಡಿ. ಇದು ತೀರಾ ಅಪರೂಪ. ಆದರೆ ಮಾತ್ರೆಗೆ ಬಗ್ಗದ ಗಂಧೆ, ಪದೇ ಪದೇ ಜ್ವರ, ಮೂಳೆ ಅಥವಾ ಕೀಲು ನೋವು ಒಟ್ಟಿಗಿದ್ದರೆ ಮೂರನ್ನೂ ಒಬ್ಬರೇ ಡಾಕ್ಟರಿಗೆ ಹೇಳಿ. ಗಂಧೆ ಎದ್ದಾಗ ಫೋಟೊ ತೆಗೆದಿಡಿ. ಡಾಕ್ಟರಿಗೆ ತೋರಿಸುವ ದಿನ ಅದು ಇರುವುದೇ ಇಲ್ಲ! ಡಾಕ್ಟರುಗಳಲ್ಲಿ ಕೇಳುವುದು ಇಷ್ಟೇ: ಅಲರ್ಜಿ ಅಂತ ಹಿಂದೆ ಯಾರೋ ಬರೆದಿದ್ದಾರೆ ಎಂದು ಸಿಆರ್‌ಪಿ ಪರೀಕ್ಷೆ ಬಿಡಬೇಡಿ.

ಅಕ್ಕ ಈಗ ಇಂಟರ್‌ಲ್ಯೂಕಿನ್-1 ತಡೆಯುವ ಅನಾಕಿನ್ರಾ ಇಂಜೆಕ್ಷನ್ ದಿನವೂ ತೆಗೆದುಕೊಳ್ಳುತ್ತಾಳೆ. ಶುರು ಮಾಡಿದ ಕೆಲವೇ ದಿನಗಳಲ್ಲಿ ಜ್ವರ, ಗಂಧೆ ಎರಡೂ ಹೋದವು. ನಿಲ್ಲಿಸಿದರೆ ಮತ್ತೆ ಬರುತ್ತವೆ. ಈ ಕಾಯಿಲೆಯವರಲ್ಲಿ ಕೆಲವರಿಗೆ ಮುಂದೆ ರಕ್ತದ ಕ್ಯಾನ್ಸರ್ ಬರುವುದುಂಟು. ಹಾಗಾಗಿ ರಕ್ತ ಪರೀಕ್ಷೆ ಆಗಾಗ ಮಾಡಿಸಲೇಬೇಕು. ಆ ನಿಗಾ ಶುರುವಾದದ್ದೂ ಅಷ್ಟೇ ತಡವಾಗಿ.

ಇಂತಿ,
ಒಬ್ಬ ಓದುಗ